ಸಣ್ಣ ಅನುದಾನ ಮಕ್ಕಳ ಕೈ ಸೇರಲಿ

(ಸ್ವಸಹಾಯ ಸಂಘಗಳ ಮಾಸಿಕ ಸಭೆಗಾಗಿ ಪಾಠ)



ಒಂದು ಸಂಘದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ ಕಟ್ಟಿ ಆಗಿತ್ತು, ಸಾಲದ ಕಂತು ಬರೆದು ಆಗಿತ್ತು. ಎಲ್ಲರೂ ಎದ್ದು ಹೊರಡುವ ಹೊತ್ತಿಗೆ ಒಬ್ಬ ತಾಯಿ ಕೇಳಿದರು: "ಸಿಸ್ಟರ್, ಇಸ್ಕೂಲಿಗೆ ವರ್ಷಾವರ್ಷ ದುಡ್ಡು ಬರುತ್ತಂತಲ್ಲ, ಅದು ಎಲ್ಲಿಗೆ ಹೋಗುತ್ತೆ? ನನ್ನ ಮಗಳು ಮೂರನೇ ಕ್ಲಾಸು. ನೂರ ಐದು ಬರಿ ಅಂದ್ರೆ ಒಂದು, ಸೊನ್ನೆ, ಸೊನ್ನೆ, ಐದು ಅಂತ ಬರೀತಾಳೆ."

ಎದ್ದವರು ಮತ್ತೆ ಕುಳಿತರು. ಯಾಕೆಂದರೆ ಅದು ಆ ಒಬ್ಬ ತಾಯಿಯ ಪ್ರಶ್ನೆ ಮಾತ್ರ ಆಗಿರಲಿಲ್ಲ. ಆ ಮಾತಿನಲ್ಲಿ ಎರಡು ಪ್ರಶ್ನೆಗಳಿದ್ದವು. ಶಾಲೆಗೆ ಬರುವ ದುಡ್ಡು ಯಾವುದು, ಎಷ್ಟು ಎಂಬುದು ಒಂದು. ಆ ದುಡ್ಡಿನಿಂದ ನಮ್ಮ ಮಗುವಿನ ಕಲಿಕೆ ಸುಧಾರಿಸುತ್ತದೆಯೇ ಎಂಬುದು ಇನ್ನೊಂದು. ಈ ತಿಂಗಳ ಪಾಠದಲ್ಲಿ ಇವೆರಡನ್ನೂ ಒಟ್ಟಿಗೆ ನೋಡೋಣ. ಸಭೆಯಲ್ಲಿ ಓದಲು ಬರುವ ಒಬ್ಬರು ಗಟ್ಟಿಯಾಗಿ ಓದಲಿ. ಒಂದೊಂದು ಭಾಗ ಮುಗಿದ ಮೇಲೆ ನಿಲ್ಲಿಸಿ, ನಿಮ್ಮ ಊರಿನ ಶಾಲೆಯನ್ನು ಮನಸ್ಸಿಗೆ ತಂದುಕೊಂಡು ಮಾತನಾಡಿ.

1. ಈ ದುಡ್ಡು ಯಾವುದು?

ಸರ್ಕಾರಿ ಶಾಲೆಯ ದೊಡ್ಡ ಖರ್ಚು ಶಿಕ್ಷಕರ ಸಂಬಳ, ಕಟ್ಟಡ, ಪಠ್ಯಪುಸ್ತಕ ಮತ್ತು ಬಿಸಿಯೂಟ. ಅದರ ಲೆಕ್ಕ ಬೇರೆ. ನಾವು ಇಲ್ಲಿ ಮಾತನಾಡುವುದು ತರಗತಿಯೊಳಗೆ ಪಾಠ ಮಾಡಲು ಬೇಕಾಗುವ ಸಣ್ಣಪುಟ್ಟ ಸಾಮಾನಿಗೆ ಸಿಗುವ ಸಣ್ಣ ಅನುದಾನದ ಬಗ್ಗೆ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ 1987ರಲ್ಲಿ ಕೇಂದ್ರ ಸರ್ಕಾರ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಎಂಬ ಯೋಜನೆ ತಂದಿತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು ಮತ್ತು ಒಂದಷ್ಟು ಪಾಠೋಪಕರಣ ಕೊಡಬೇಕೆಂಬುದು ಅದರ ಗುರಿ. ಉದ್ದೇಶ ಒಳ್ಳೆಯದೇ. ಆದರೆ ಏನು ಬೇಕೆಂದು ಪಾಠ ಮಾಡುವವರನ್ನು ಕೇಳದೆ, ಮೇಲಿನವರೇ ಆರಿಸಿ ಪೆಟ್ಟಿಗೆ ಕಟ್ಟಿ ಕಳಿಸಿದರು. ಹಲವು ಕಡೆ ಆ ಸಾಮಾನು ಪೆಟ್ಟಿಗೆಯಲ್ಲೇ ಉಳಿಯಿತು. ಬಳಸುವುದು ಹೇಗೆಂದು ಕೆಲವರಿಗೆ ತಿಳಿದಿರಲಿಲ್ಲ. ಒಡೆದರೆ ಯಾರು ದುಡ್ಡು ಕಟ್ಟಬೇಕೆಂಬ ಭಯ ಇನ್ನು ಕೆಲವರಿಗೆ.

ಆಮೇಲೆ 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ, ಅಂದರೆ ಡಿ.ಪಿ.ಇ.ಪಿ. ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲ ಹಂತದಲ್ಲಿ ಬೆಳಗಾವಿ, ಕೋಲಾರ, ಮಂಡ್ಯ ಮತ್ತು ರಾಯಚೂರು ಜಿಲ್ಲೆಗಳು ಅದಕ್ಕೆ ಸೇರಿದವು. ಇದರಲ್ಲಿ ಒಂದು ಹೊಸ ವಿಚಾರ ಇತ್ತು. ಪ್ರತಿ ಶಿಕ್ಷಕರ ಕೈಗೆ ವರ್ಷಕ್ಕೆ 500 ರೂಪಾಯಿ ಕೊಟ್ಟು, "ನಿಮ್ಮ ತರಗತಿಗೆ ಏನು ಬೇಕೋ ನೀವೇ ಮಾಡಿಕೊಳ್ಳಿ" ಎಂದರು. ಶಾಲೆಗೆ ಬೇರೆಯಾಗಿ 2,000 ರೂಪಾಯಿ. 2001ರಿಂದ ಸರ್ವ ಶಿಕ್ಷಾ ಅಭಿಯಾನ ಬಂದಾಗ ಈ 500 ರೂಪಾಯಿ ದೇಶದ ಎಲ್ಲಾ ಕಡೆಗೂ ಹೋಯಿತು. ಹಳೆಯ ಮೇಷ್ಟ್ರುಗಳು 'ಟಿ.ಎಲ್.ಎಂ. ದುಡ್ಡು' ಎನ್ನುತ್ತಿದ್ದುದು ಇದನ್ನೇ.

2018ರಲ್ಲಿ ಸಮಗ್ರ ಶಿಕ್ಷಾ ಯೋಜನೆ ಬಂದ ಮೇಲೆ ಲೆಕ್ಕ ಬದಲಾಯಿತು. ಮಕ್ಕಳ ಸಂಖ್ಯೆಗೆ ತಕ್ಕಂತೆ ಶಾಲೆಗೆ ಒಟ್ಟಾಗಿ ಒಂದು ಅನುದಾನ ಎಂದಾಯಿತು. 2021ರಿಂದ ಜಾರಿಗೆ ಬಂದ ಪರಿಷ್ಕೃತ ಯೋಜನೆಯಲ್ಲಿ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100 ಮಕ್ಕಳವರೆಗೆ 25,000, 250 ಮಕ್ಕಳವರೆಗೆ 50,000 ಎಂದು ನಿಗದಿ ಮಾಡಿದ್ದಾರೆ. ಇದರಲ್ಲಿ ಹತ್ತನೇ ಒಂದು ಭಾಗವನ್ನಾದರೂ ಸ್ವಚ್ಛತೆಗೆ ಬಳಸಬೇಕು. ಪ್ರಾಥಮಿಕ ಶಾಲೆಯ ಗ್ರಂಥಾಲಯಕ್ಕೆ 5,000 ಮತ್ತು ಆಟದ ಸಾಮಾನಿಗೆ 5,000 ರೂಪಾಯಿವರೆಗೆ ಬೇರೆ ಅವಕಾಶ ಇದೆ. ನಿಮ್ಮ ಶಾಲೆಗೆ ಈ ವರ್ಷ ನಿಜವಾಗಿ ಎಷ್ಟು ಬಂತು, ಯಾವಾಗ ಬಂತು ಎಂಬುದನ್ನು ಹೆಡ್‌ಮಾಸ್ಟರನ್ನೇ ಕೇಳಿ ತಿಳಿದುಕೊಳ್ಳಬೇಕು.

ಕರೆಂಟು ಬಿಲ್ಲು, ಸೀಮೆಸುಣ್ಣ, ಕೆಟ್ಟ ನಲ್ಲಿಯ ರಿಪೇರಿ ಎಲ್ಲಾ ಈ ಒಟ್ಟು ಅನುದಾನದಲ್ಲೇ ಆಗಬೇಕು. ಹಾಗಾಗಿ ಪಾಠೋಪಕರಣಕ್ಕೆ ಎಷ್ಟು ಎಂದು ಮೊದಲೇ ಎತ್ತಿಡದಿದ್ದರೆ ಕೊನೆಗೆ ಏನೂ ಉಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಉಳಿತಾಯವನ್ನು ಮೊದಲೇ ಎತ್ತಿಡದಿದ್ದರೆ ಏನಾಗುತ್ತದೆ ಎಂದು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ.

2. ಟೀಚರೇ ಯೋಚಿಸಿ ಮಾಡಿದಾಗ

ಸಣ್ಣ ದುಡ್ಡಿನಲ್ಲಿ ತರಗತಿ ಎಷ್ಟು ಬದಲಾಗಬಹುದು ಎಂಬುದಕ್ಕೆ ಮೈಸೂರು ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಕೆಲವು ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಹತ್ತಿರದ ಋಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಪಾಠ ನಡೆಯುವ ಕ್ರಮ ನೋಡಿ ಬಂದರು. ಅದನ್ನೇ ಇಲ್ಲಿಗೆ ಒಗ್ಗಿಸಿ ತಮ್ಮ ಕೈಯಿಂದ ಕಾರ್ಡು, ಹಾಡು, ಆಟಗಳನ್ನು ಮಾಡಿಕೊಂಡರು. ಅದೇ ನಲಿ-ಕಲಿ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಬಂತು.

ನಲಿ-ಕಲಿ ಕೋಣೆಗೆ ಹೋದರೆ ನೀವೇ ನೋಡಬಹುದು. ಗೋಡೆಯ ಕೆಳಭಾಗದಲ್ಲಿ ಮಕ್ಕಳು ಬರೆಯಲು ಕರಿಹಲಗೆ. ಕೈಗೆ ಎಟುಕುವಂತೆ ಕಾರ್ಡುಗಳು. ತಲೆಯ ಮೇಲೆ ದಾರ ಕಟ್ಟಿ ಮಾಡಿದ 'ಚಪ್ಪರ', ಅದರಲ್ಲಿ ಮಕ್ಕಳೇ ಮಾಡಿದ ಚಿತ್ರ, ಕಾಗದದ ಹೂವು. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿ ಇದ್ದೇನೆ ಎಂದು ನೋಡಿಕೊಳ್ಳಬಹುದು. ಜ್ವರ ಬಂದು ಎಂಟು ದಿನ ಮನೆಯಲ್ಲಿದ್ದ ಮಗು ಮತ್ತೆ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಕೂಲಿಗೆ ಹೋಗುವ ಕುಟುಂಬದ ಮಕ್ಕಳಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂದು ಯೋಚಿಸಿ.

ಇಲ್ಲಿ ದಾರ, ದಪ್ಪ ಕಾಗದ, ಬಣ್ಣ, ಅಂಟು ಇವೇ ಸಾಮಾನು. ಬೆಲೆ ಹೆಚ್ಚಿಲ್ಲ. ಆದರೆ ಇಂಥ ಸಾಮಾನು ಮೇಲಿಂದ ಮೇಲೆ ಸವೆಯುತ್ತದೆ. ಕಾರ್ಡು ಹರಿಯುತ್ತದೆ, ದಾರ ಜೋತುಬೀಳುತ್ತದೆ. ವರ್ಷಾವರ್ಷ ಸ್ವಲ್ಪ ದುಡ್ಡು ಟೀಚರ ಕೈಯಲ್ಲಿ ಇಲ್ಲದಿದ್ದರೆ, ಅವರು ಸ್ವಂತ ಸಂಬಳದಿಂದ ತರಬೇಕು, ಇಲ್ಲವೇ ಹಾಗೇ ಬಿಡಬೇಕು.

3. ನಾವೇ ಮಾಡಿದ ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ನಾವು ನಮ್ಮ ಕ್ಷೇತ್ರದ ಕೆಲವು ಶಾಲೆಗಳ ಶಿಕ್ಷಕಿಯರಿಗೆ ತಲಾ 2,000 ರೂಪಾಯಿ ಕೊಟ್ಟೆವು. ಅಂಗಡಿ ಬಿಲ್ಲು ಕೊಡಬೇಕು, ಎರಡು ಫೋಟೋ ಕೊಡಬೇಕು, ಒಂದು ತಿಂಗಳೊಳಗೆ ವರದಿ ಕೊಡಬೇಕು ಎಂದು ಷರತ್ತು ಹಾಕಿದೆವು. ಬಿಲ್ಲು ಬಂತು, ಫೋಟೋ ಬಂತು, ವರದಿಯೂ ಬಂತು. ನಮಗೆ ಸಂತೋಷವಾಯಿತು.

ಆರು ತಿಂಗಳ ಮೇಲೆ ಒಂದು ಶಾಲೆಗೆ ಹೋದೆವು. ಗೋಡೆಯ ಮೇಲೆ ಹೊಳೆಯುವ ಚಾರ್ಟುಗಳು. ಹಣ್ಣು, ಹೂವು, ವಾಹನ, ಕಾಡುಪ್ರಾಣಿ. ನಾವೇ ಕತ್ತೆತ್ತಿ ನೋಡಬೇಕು, ಅಷ್ಟು ಎತ್ತರ. ಒಂದನೇ ತರಗತಿಯ ಮಗುವಿಗೆ ಅಕ್ಷರ ಕಾಣುವುದೇ ಇಲ್ಲ. ಎಣಿಸಲು ತಂದಿದ್ದ ಮಣಿಗಳು ಬೀರುವಿನಲ್ಲಿ ಇದ್ದವು. ಮೇಲಿನ ಪ್ಲಾಸ್ಟಿಕ್ ಕವರು ಸಹ ತೆಗೆದಿರಲಿಲ್ಲ.

ಟೀಚರು ಮುಚ್ಚಿಡದೆ ಹೇಳಿದರು: "ಒಡೆದರೆ ಲೆಕ್ಕ ಕೊಡಬೇಕಲ್ಲ ಸಿಸ್ಟರ್. ನೀವು ಫೋಟೋ ಕೇಳಿದ್ರಿ, ಅದಕ್ಕೆ ಚೆನ್ನಾಗಿ ಕಾಣೋದನ್ನೇ ತಂದೆ."

ಅವರು ಸೋಮಾರಿ ಟೀಚರಲ್ಲ. ದಿನಾ ಹೊತ್ತಿಗೆ ಸರಿಯಾಗಿ ಬಂದು ಪಾಠ ಮಾಡುವವರು. ತಪ್ಪು ನಮ್ಮದು. ಏನು ಕೊಂಡಿರಿ ಎಂದು ಕೇಳಿದೆವು. ಯಾವ ಮಗುವಿಗೆ ಏನು ಕಷ್ಟ ಎಂದು ಕೇಳಲಿಲ್ಲ. ಫೋಟೋಕ್ಕೆ ಬೇಕಾದ ಸಾಮಾನು ಬಂತು, ಮಗುವಿಗೆ ಬೇಕಾದದ್ದು ಬರಲಿಲ್ಲ.

ಬೇರೆ ದೇಶದಲ್ಲೂ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಆಫ್ರಿಕಾದ ಕೀನ್ಯಾದಲ್ಲಿ 178 ಶಾಲೆಗಳನ್ನು ಆರಿಸಿ, ಅದರಲ್ಲಿ ಸುಮಾರು ಅರ್ಧದಷ್ಟು ಶಾಲೆಗಳಿಗೆ ಮಗುಚಿ ತೋರಿಸುವ ದೊಡ್ಡ ಚಾರ್ಟುಗಳನ್ನು ಕೊಟ್ಟರು. ಆ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಚಾರ್ಟು ಸಿಕ್ಕ ಶಾಲೆಯ ಮಕ್ಕಳ ಅಂಕಕ್ಕೂ ಸಿಗದ ಶಾಲೆಯ ಮಕ್ಕಳ ಅಂಕಕ್ಕೂ ವ್ಯತ್ಯಾಸ ಕಾಣಲಿಲ್ಲ. ಸಾಮಾನು ಶಾಲೆಗೆ ಬಂದ ಮಾತ್ರಕ್ಕೆ ಮಗುವಿನ ತಲೆಗೆ ಪಾಠ ಹೋಗುವುದಿಲ್ಲ ಎಂದಾಯಿತು.

4. 1,500 ರೂಪಾಯಿಯ ಒಂದು ಪಟ್ಟಿ

ಮುಂದಿನ ವರ್ಷ ನಾವು ಷರತ್ತು ಬದಲಾಯಿಸಿದೆವು. ಫೋಟೋ ಬೇಡ ಎಂದೆವು. ಬದಲಿಗೆ ಮೂರು ಪ್ರಶ್ನೆ ಇಟ್ಟೆವು. ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಯಾವ ಪಾಠ ಹತ್ತುತ್ತಿಲ್ಲ? ಅದಕ್ಕೆ ಯಾವ ಸಾಮಾನು ಬೇಕು? ಆ ಸಾಮಾನನ್ನು ಮಕ್ಕಳು ದಿನಾ ಮುಟ್ಟುತ್ತಾರೆಯೇ? ಬಳಸುವಾಗ ಒಡೆದರೆ ಯಾರೂ ದುಡ್ಡು ಕಟ್ಟಬೇಕಾಗಿಲ್ಲ ಎಂದು ಕಾಗದದಲ್ಲೇ ಬರೆದುಕೊಟ್ಟೆವು.

ಮೂರನೇ ತರಗತಿಯ ಒಬ್ಬ ಟೀಚರು 1,500 ರೂಪಾಯಿಗೆ ಹೀಗೆ ಪಟ್ಟಿ ತಂದರು:

- ಚಿಕ್ಕ ಕಥೆಪುಸ್ತಕ 12, ಬೇರೆ ಬೇರೆ: 540 ರೂಪಾಯಿ
- ಪಾಕೆಟ್ ಬೋರ್ಡು ಎರಡಕ್ಕೆ ದಪ್ಪ ಬಟ್ಟೆ: 260 ರೂಪಾಯಿ
- ಪ್ಲಾಸ್ಟಿಕ್ ತಕ್ಕಡಿ ಒಂದು: 250 ರೂಪಾಯಿ
- ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು: 220 ರೂಪಾಯಿ
- ರಬ್ಬರ್ ಬ್ಯಾಂಡು, ಸಾಮಾನು ಇಡಲು ಡಬ್ಬಿ: 140 ರೂಪಾಯಿ
- ಹಗ್ಗ, ಕ್ಲಿಪ್ಪು: 90 ರೂಪಾಯಿ

ಇದಲ್ಲದೆ ದುಡ್ಡು ಕೊಡದೆ ಸಿಗುವ ಸಾಮಾನನ್ನೂ ಬರೆದಿದ್ದರು. ಹುಣಸೆ ಬೀಜ, ಪೊರಕೆ ಕಡ್ಡಿ, ಸೋಡಾ ಬಾಟಲಿ ಮುಚ್ಚಳ, ಗೊಂಬೆಯಾಟಕ್ಕೆ ಪರದೆಯಾಗಿ ಹಳೇ ಸೀರೆ. ಪಾಕೆಟ್ ಬೋರ್ಡನ್ನು ಸಂಘದಲ್ಲಿ ಟೈಲರಿಂಗ್ ಕಲಿತ ಒಬ್ಬ ಸದಸ್ಯೆ ಕೂಲಿ ತೆಗೆದುಕೊಳ್ಳದೆ ಹೊಲಿದುಕೊಟ್ಟರು. ಪಾಕೆಟ್ ಬೋರ್ಡು ಅಂದರೆ ಬೇರೇನೂ ಅಲ್ಲ, ಬಟ್ಟೆಗೆ ಸಾಲಾಗಿ ಜೇಬು ಹೊಲಿದು ಗೋಡೆಗೆ ನೇತುಹಾಕುವುದು. ಜೇಬಿನಲ್ಲಿ ಅಕ್ಷರದ ಕಾರ್ಡು ಇಡಬಹುದು, ಕಡ್ಡಿಯನ್ನೂ ಇಡಬಹುದು.

ಈಗ ಮೊದಲಿನ ತಾಯಿಯ ಪ್ರಶ್ನೆಗೆ ಬರೋಣ. ಮಗು ನೂರ ಐದನ್ನು 1005 ಎಂದು ಯಾಕೆ ಬರೆಯುತ್ತದೆ? ಅದಕ್ಕೆ ಬುದ್ಧಿ ಇಲ್ಲ ಎಂದಲ್ಲ. ಕಿವಿಗೆ 'ನೂರು' ಎಂದು ಕೇಳುತ್ತದೆ, 100 ಬರೆಯುತ್ತದೆ. ಆಮೇಲೆ 'ಐದು' ಎಂದು ಕೇಳುತ್ತದೆ, ಪಕ್ಕದಲ್ಲಿ 5 ಬರೆಯುತ್ತದೆ. ಮಗುವಿನ ಲೆಕ್ಕದಲ್ಲಿ ಅದು ಸರಿಯೇ. ಬಹಳ ಮಕ್ಕಳು ಹೀಗೆ ಬರೆಯುತ್ತಾರೆ. ಹತ್ತು ಸಲ ಬರೆಸಿದರೂ, ಬೈದರೂ ಇದು ಹೋಗುವುದಿಲ್ಲ.

ಆ ಟೀಚರು ಹೀಗೆ ಮಾಡಿದರು. ಮಕ್ಕಳ ಕೈಗೆ ಪೊರಕೆ ಕಡ್ಡಿ ಕೊಟ್ಟು ಹತ್ತು ಹತ್ತು ಎಣಿಸಿ ರಬ್ಬರ್ ಬ್ಯಾಂಡು ಹಾಕಿಸಿದರು. ಹತ್ತು ಕಟ್ಟು ಸೇರಿದರೆ ಒಂದು ದೊಡ್ಡ ಕಟ್ಟು, ಅದು ನೂರು. ಪಾಕೆಟ್ ಬೋರ್ಡಿನಲ್ಲಿ ಮೂರು ಜೇಬು: ನೂರರ ಮನೆ, ಹತ್ತರ ಮನೆ, ಬಿಡಿ ಮನೆ. "ನೂರ ಐದು ಕಡ್ಡಿ ಇಡು" ಎಂದಾಗ ಹುಡುಗಿ ದೊಡ್ಡ ಕಟ್ಟು ಒಂದನ್ನು ನೂರರ ಮನೆಯಲ್ಲಿ ಇಟ್ಟಳು, ಐದು ಬಿಡಿ ಕಡ್ಡಿಯನ್ನು ಬಿಡಿ ಮನೆಯಲ್ಲಿ ಇಟ್ಟಳು. "ನಡುವಿನ ಮನೆಯಲ್ಲಿ ಎಷ್ಟು?" ಎಂದು ಟೀಚರು ಕೇಳಿದರು. "ಏನೂ ಇಲ್ಲ ಮಿಸ್." "ಏನೂ ಇಲ್ಲ ಅನ್ನೋದನ್ನ ಹೆಂಗೆ ಬರೀತೀಯ?" ಅವಳು ಸ್ವಲ್ಪ ಹೊತ್ತು ನೋಡಿ ಸೊನ್ನೆ ಬರೆದಳು. ಒಂದೇ ಸೊನ್ನೆ. ಸೊನ್ನೆ ಯಾಕೆ ಬೇಕು ಎಂದು ಅವಳಿಗೆ ಆಗ ಗೊತ್ತಾಯಿತು.

ನೀವು ಸಂಘದ ದುಡ್ಡು ಎಣಿಸುವಾಗ ಮಾಡುವುದೂ ಇದನ್ನೇ ಅಲ್ಲವೇ? ಹತ್ತರ ನೋಟನ್ನು ಹತ್ತು ಹತ್ತು ಸೇರಿಸಿ ನೂರು ಮಾಡುತ್ತೀರಿ, ಚಿಲ್ಲರೆ ಬೇರೆ ಇಡುತ್ತೀರಿ. ಅಕ್ಷರ ಬಾರದ ನಮ್ಮ ಅಕ್ಕಂದಿರೂ ಇದರಲ್ಲಿ ತಪ್ಪುವುದಿಲ್ಲ. ಮನೆಯಲ್ಲಿ ಹುಣಸೆ ಬೀಜ ಇಟ್ಟುಕೊಂಡು ನೀವೇ ಈ ಪಾಠ ಮಾಡಬಹುದು.

ಕಥೆಪುಸ್ತಕದ್ದೂ ಹೀಗೆಯೇ. ಒಂದೇ ಪುಸ್ತಕದ 12 ಪ್ರತಿ ತಂದರೆ ಒಂದು ಕಥೆ. 12 ಬೇರೆ ಪುಸ್ತಕ ತಂದರೆ 12 ಕಥೆ, ವಾರವಾರ ಬದಲಾಯಿಸಿಕೊಳ್ಳಬಹುದು. ಬೇಗ ಲೆಕ್ಕ ಮುಗಿಸಿದ ಮಗು ಸುಮ್ಮನೆ ಕೂರದೆ ಹಗ್ಗದಿಂದ ಒಂದು ಪುಸ್ತಕ ತೆಗೆದು ಓದುತ್ತದೆ. ಶನಿವಾರ ಮನೆಗೂ ತರುತ್ತದೆ. ನಿಮಗೆ ಓದಲು ಬಾರದಿದ್ದರೆ ಮಗುವಿನಿಂದ ಓದಿಸಿ ಕೇಳಿ. ತಾಯಿ ಕೇಳುತ್ತಾಳೆ ಎಂದರೆ ಮಗು ಇನ್ನೊಂದು ಪುಟ ಹೆಚ್ಚಿಗೆ ಓದುತ್ತದೆ.

5. ಎರಡನೇ ವರ್ಷದ ಎಚ್ಚರಿಕೆ

ಈ ಭಾಗವನ್ನು ನಿಧಾನವಾಗಿ ಓದಿ. ಇದು ನೇರವಾಗಿ ತಾಯಂದಿರಿಗೆ ಸಂಬಂಧಪಟ್ಟದ್ದು.

2005ರಿಂದ ಆಗಿನ ಅವಿಭಜಿತ ಆಂಧ್ರಪ್ರದೇಶದ ಸರ್ಕಾರಿ ಶಾಲೆಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. 200 ಶಾಲೆಗಳನ್ನು ತೆಗೆದುಕೊಂಡು, ಅದರಲ್ಲಿ 100 ಶಾಲೆಗಳಿಗೆ ಒಂದು ಮಗುವಿಗೆ ವರ್ಷಕ್ಕೆ 125 ರೂಪಾಯಿ ಲೆಕ್ಕದಲ್ಲಿ ಅನುದಾನ ಕೊಟ್ಟರು. ಅದನ್ನು ಕಟ್ಟಡಕ್ಕೆ ಹಾಕುವಂತಿಲ್ಲ, ಮಕ್ಕಳು ನೇರವಾಗಿ ಬಳಸುವ ಸಾಮಾನಿಗೇ ಹಾಕಬೇಕು. ಹೆಚ್ಚಿನ ದುಡ್ಡು ನೋಟ್‌ಬುಕ್ಕು, ಸ್ಲೇಟು, ಅಭ್ಯಾಸ ಪುಸ್ತಕ, ಚಾರ್ಟು ಇಂಥವಕ್ಕೆ ಹೋಯಿತು.

ಮೊದಲ ವರ್ಷ ಅನುದಾನ ಸಿಕ್ಕ ಶಾಲೆಯ ಮಕ್ಕಳು ಪರೀಕ್ಷೆಯಲ್ಲಿ ಸ್ವಲ್ಪ ಮುಂದೆ ಹೋದರು. ಎರಡನೇ ವರ್ಷ ಅಷ್ಟೇ ದುಡ್ಡು ಬಂತು, ಆದರೆ ಆ ವರ್ಷ ಕಲಿಕೆಯಲ್ಲಿ ಹೆಚ್ಚಳ ಕಾಣಲಿಲ್ಲ. ಯಾಕೆ? ಮೊದಲ ವರ್ಷ ಈ ದುಡ್ಡು ಬರುತ್ತದೆಂದು ಮನೆಯವರಿಗೆ ಮೊದಲೇ ಗೊತ್ತಿರಲಿಲ್ಲ. ಹಾಗಾಗಿ ಎಂದಿನಂತೆ ಅವರೂ ಪುಸ್ತಕ, ಪೆನ್ಸಿಲು ಕೊಂಡರು. ಮಗುವಿಗೆ ಎರಡು ಕಡೆಯಿಂದ ಸಿಕ್ಕಿತು. ಎರಡನೇ ವರ್ಷ ಶಾಲೆಯಲ್ಲೇ ಕೊಡುತ್ತಾರೆಂದು ಗೊತ್ತಾಗಿ ಮನೆಯವರು ಮಗುವಿನ ಓದಿಗೆ ಮಾಡುವ ಖರ್ಚನ್ನು ಇಳಿಸಿದರು. ಶಾಲೆಯಿಂದ ಬಂದಷ್ಟೂ ಹೆಚ್ಚುಕಡಿಮೆ ಮನೆಯಿಂದ ಕಡಿಮೆಯಾಯಿತು. ಮಗುವಿನ ಚೀಲದಲ್ಲಿ ಇದ್ದದ್ದು ಮೊದಲಿನಷ್ಟೇ. 2013ರಲ್ಲಿ ಪ್ರಕಟವಾದ ಈ ಅಧ್ಯಯನ ಹೇಳುವುದು ಇದನ್ನು.

ನಮ್ಮ ಕ್ಷೇತ್ರದಲ್ಲೂ ನಾವು ಇದನ್ನು ಕಂಡೆವು. ಎರಡನೇ ವರ್ಷ ಒಬ್ಬ ಸದಸ್ಯೆ ಹೇಳಿದರು: "ಇಸ್ಕೂಲಲ್ಲೇ ಕೊಡ್ತಾರಲ್ಲ ಸಿಸ್ಟರ್, ಆ ದುಡ್ಡಲ್ಲಿ ಅತ್ತೆಗೆ ಮಾತ್ರೆ ತಂದೆ." ಇದರಲ್ಲಿ ತಪ್ಪೇನಿದೆ? ಕೈಯಲ್ಲಿ ಇರುವುದೇ ಇನ್ನೂರು ರೂಪಾಯಿ ಎಂದಾಗ ಮಾತ್ರೆಗೆ ಕೊಟ್ಟವರನ್ನು ನಾವು ಬೈಯುವುದಿಲ್ಲ. ಅವರು ಯೋಚನೆ ಮಾಡಿಯೇ ಖರ್ಚು ಮಾಡಿದ್ದಾರೆ. ಆದರೆ ಒಂದು ಮಾತು ತಿಳಿದಿರಬೇಕು. ಆ ದುಡ್ಡು ಮನೆಗೆ ಉಪಕಾರವಾಯಿತು, ಮಗುವಿನ ಕಲಿಕೆಗೆ ಹೆಚ್ಚಿಗೆ ಏನೂ ಸೇರಲಿಲ್ಲ.

ಹಾಗಾದರೆ ಏನು ಮಾಡಬೇಕು? ಮನೆಯವರು ಹೇಗೂ ಕೊಳ್ಳುವ ಸಾಮಾನಿಗೆ ಸಣ್ಣ ಅನುದಾನವನ್ನು ಹಾಕಬಾರದು. ಮನೆಯವರು ಕೊಳ್ಳಲಾಗದ, ಆದರೆ ತರಗತಿಯ ಎಲ್ಲಾ ಮಕ್ಕಳೂ ಬಳಸುವ ಸಾಮಾನಿಗೆ ಹಾಕಬೇಕು. ಪೆನ್ಸಿಲು ಮನೆಯದು, ತಕ್ಕಡಿ ಶಾಲೆಯದು. ನೋಟ್‌ಬುಕ್ಕು ಮನೆಯದು, 12 ಕಥೆಪುಸ್ತಕ ಶಾಲೆಯದು. ಪೆನ್ಸಿಲು ಕೊಳ್ಳಲೂ ಆಗದ ಮನೆ ಊರಿನಲ್ಲಿ ಇದ್ದೇ ಇರುತ್ತದೆ. ಅಂಥ ಮಗುವಿನ ಹೆಸರನ್ನು ಟೀಚರಿಗೆ ಗುಟ್ಟಾಗಿ ತಿಳಿಸಿ. ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸುವುದು ಬೇಡ.

6. ಹೊತ್ತಿಗೆ ಬಾರದ ದುಡ್ಡು, ಆಗದ ಕೆಲಸ

ನಮ್ಮಲ್ಲಿ ಶಾಲೆ ಶುರುವಾಗುವುದು ಮೇ ಕೊನೆ, ಜೂನ್ ಮೊದಲಿಗೆ. ಸರ್ಕಾರದ ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅನುದಾನ ತಡವಾಗಿ ಬಂದರೆ ಹೆಡ್‌ಮಾಸ್ಟರಿಗೆ ಖರ್ಚು ತೋರಿಸುವ ಅವಸರ. ಅಂಗಡಿಯಲ್ಲಿ ಸಿಕ್ಕಿದ್ದನ್ನು ತರುತ್ತಾರೆ. ಮಕ್ಕಳಿಗೆ ಆಗ ಪರೀಕ್ಷೆಯ ಕಾಲ. ಹದ ತಪ್ಪಿದ ಮೇಲೆ ಬಿತ್ತಿದ ಹಾಗೆ. ಹೀಗಾಗಬಾರದೆಂದರೆ ಜೂನ್‌ನಲ್ಲೇ ಪಟ್ಟಿ ತಯಾರಿರಬೇಕು. ದುಡ್ಡು ಯಾವಾಗ ಬಂದರೂ ಪಟ್ಟಿ ನೋಡಿ ಕೊಳ್ಳಬಹುದು.

ಸಣ್ಣ ಅನುದಾನದಿಂದ ಆಗದ ಕೆಲಸವೂ ಇದೆ. ಖಾಲಿ ಇರುವ ಶಿಕ್ಷಕರ ಹುದ್ದೆ ತುಂಬುವುದು, ಸೋರುವ ಚಾವಣಿ, ಹೆಣ್ಣುಮಕ್ಕಳ ಶೌಚಾಲಯ, ಇವು ಸರ್ಕಾರದ ಜವಾಬ್ದಾರಿ. ಅದಕ್ಕೆ ಅರ್ಜಿ ಕೊಡಬೇಕು, ಗ್ರಾಮಸಭೆಯಲ್ಲಿ ಕೇಳಬೇಕು, ಬಿ.ಇ.ಒ. ಕಚೇರಿಗೆ ಹೋಗಬೇಕು. ಸಂಘದ ಉಳಿತಾಯದಿಂದ ಆ ಗುಂಡಿ ಮುಚ್ಚಲು ಹೋಗಬೇಡಿ. ಐದು ತರಗತಿಗೆ ಒಬ್ಬರೇ ಟೀಚರಿದ್ದರೆ ಎಷ್ಟು ಒಳ್ಳೆಯ ಕಾರ್ಡು ಇದ್ದರೂ ಪ್ರಯೋಜನ ಕಡಿಮೆ.

7. ಸಮಿತಿಯಲ್ಲಿ ನಮ್ಮ ಜಾಗ

ಕರ್ನಾಟಕದಲ್ಲಿ 2001ರಿಂದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ನಾವು ಎಸ್‌.ಡಿ.ಎಂ.ಸಿ. ಎನ್ನುವುದು ಇದನ್ನೇ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಶಾಲೆಯ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿ ಅಥವಾ ಪೋಷಕರೇ ಇರಬೇಕು, ಅರ್ಧದಷ್ಟು ಜನ ಹೆಂಗಸರಾಗಿರಬೇಕು ಎಂದು ಅದರ 21ನೇ ಕಲಮು ಹೇಳುತ್ತದೆ. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು ಮತ್ತು ಶಾಲೆಗೆ ಸರ್ಕಾರದಿಂದಾಗಲಿ ಬೇರೆ ಕಡೆಯಿಂದಾಗಲಿ ಬಂದ ಅನುದಾನ ಹೇಗೆ ಬಳಕೆಯಾಗುತ್ತಿದೆ ಎಂದು ನೋಡುವುದು ಸಮಿತಿಯ ಕೆಲಸ ಎಂದೂ ಅದರಲ್ಲೇ ಇದೆ.

ಅಂದರೆ ಲೆಕ್ಕ ಕೇಳುವುದು ಜಗಳವಲ್ಲ, ಕಾನೂನು ಕೊಟ್ಟ ಕೆಲಸ. ಆದರೆ ಎಷ್ಟೋ ಕಡೆ ನಮ್ಮ ಸದಸ್ಯೆಯರ ಹೆಸರು ಸಮಿತಿಯಲ್ಲಿದೆ, ಸಭೆಗೆ ಹೋಗುವವರು ಗಂಡಂದಿರು. ನಡಾವಳಿ ಪುಸ್ತಕ ಮನೆಗೆ ಬರುತ್ತದೆ, ಇವರು ಸಹಿ ಹಾಕುತ್ತಾರೆ. ಸಂಘದ ಪುಸ್ತಕದಲ್ಲಿ ಓದದೆ ಸಹಿ ಹಾಕುವುದಿಲ್ಲ ಎನ್ನುವ ನೀವು ಶಾಲೆಯ ಪುಸ್ತಕಕ್ಕೆ ಯಾಕೆ ಹಾಕುತ್ತೀರಿ?

ಸಭೆಗೆ ಹೋದಾಗ ಪೊಲೀಸರ ಹಾಗೆ ಪ್ರಶ್ನೆ ಕೇಳಬೇಡಿ. ಟೀಚರನ್ನು ಕಳ್ಳರ ಹಾಗೆ ಕಂಡರೆ ಅವರು ಮತ್ತೆ ಎಲ್ಲವನ್ನೂ ಬೀರುವಿನಲ್ಲಿ ಬೀಗ ಹಾಕಿಡುತ್ತಾರೆ. ಮೊದಲು ತರಗತಿಯಲ್ಲಿ ಅರ್ಧ ಗಂಟೆ ಕುಳಿತು ನೋಡಿ. ಆಮೇಲೆ ಈ ಮಾತುಗಳನ್ನು ಕೇಳಿ:

1) "ಈ ವರ್ಷ ಎಷ್ಟು ಅನುದಾನ ಬಂತು ಸರ್, ಯಾವ ತಿಂಗಳು ಬಂತು?"
2) "ಅದರಲ್ಲಿ ಪಾಠೋಪಕರಣಕ್ಕೆ ಎಷ್ಟು ಎತ್ತಿಟ್ಟಿದ್ದೀರಿ?"
3) "ಮಿಸ್, ನಿಮ್ಮ ಕ್ಲಾಸಿನಲ್ಲಿ ಮಕ್ಕಳಿಗೆ ಯಾವುದು ಕಷ್ಟ? ನಿಮಗೆ ಏನು ಬೇಕು?"
4) "ಹೋದ ವರ್ಷ ತಂದದ್ದು ಈಗ ಮಕ್ಕಳ ಕೈಯಲ್ಲಿ ಇದೆಯಾ?"
5) "ಬಳಸುವಾಗ ಒಡೆದರೆ, ಹರಿದರೆ ಟೀಚರ ಮೇಲೆ ಹಾಕಬಾರದು ಅಂತ ನಡಾವಳಿಯಲ್ಲಿ ಬರೆಯೋಣವಾ?"

ಐದನೆಯದನ್ನು ಮರೆಯಬೇಡಿ. ಬೀರುವಿನ ಬೀಗ ತೆಗೆಯುವುದು ಆ ಒಂದು ಸಾಲು. ಪುಸ್ತಕ ಹರಿದಿದೆ ಅಂದರೆ ಯಾರೋ ಓದಿದ್ದಾರೆ ಎಂದು ಅರ್ಥ.

ಸಭೆಯಲ್ಲಿ ಚರ್ಚಿಸಿ

- ನಮ್ಮ ಸಂಘದಲ್ಲಿ ಎಷ್ಟು ಜನರ ಮಕ್ಕಳು, ಮೊಮ್ಮಕ್ಕಳು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿದ್ದಾರೆ? ಅವರಲ್ಲಿ ಯಾರು ಎಸ್‌.ಡಿ.ಎಂ.ಸಿ. ಸದಸ್ಯೆಯರು?
- ನಮ್ಮ ಮಗುವಿಗೆ ಓದಿನಲ್ಲಿ, ಲೆಕ್ಕದಲ್ಲಿ ಯಾವುದು ಹತ್ತುತ್ತಿಲ್ಲ? ನಮಗೆ ಗೊತ್ತೇ?
- ಶಾಲೆಯಲ್ಲಿ ಕೊಡುತ್ತಾರೆಂದು ನಾವು ಮನೆಯಲ್ಲಿ ಯಾವ ಖರ್ಚು ನಿಲ್ಲಿಸಿದ್ದೇವೆ? ಆ ದುಡ್ಡು ಯಾವುದಕ್ಕೆ ಹೋಯಿತು? (ಯಾರನ್ನೂ ದೂರುವುದು ಬೇಡ, ಇದ್ದದ್ದನ್ನು ಇದ್ದಹಾಗೆ ಹೇಳಿ.)

ಈ ತಿಂಗಳ ಕೆಲಸ

ಒಂದು: ಇಬ್ಬರು ಸದಸ್ಯೆಯರು ಶಾಲೆಗೆ ಹೋಗಿ ಟೀಚರ ಹತ್ತಿರ ಕುಳಿತು, ಬೇಕಾದ ಸಾಮಾನಿನ ಪಟ್ಟಿ ಬರೆದು ತರಲಿ. ದುಡ್ಡು ಕೊಟ್ಟು ತರಬೇಕಾದದ್ದು ಒಂದು ಕಡೆ, ಊರಿನಲ್ಲೇ ಸಿಗುವುದು ಇನ್ನೊಂದು ಕಡೆ ಇರಲಿ.

ಎರಡು: ಊರಿನಲ್ಲೇ ಸಿಗುವುದನ್ನು ಮುಂದಿನ ಸಭೆಗೆ ತನ್ನಿ. ಒಬ್ಬೊಬ್ಬರು ಒಂದು ಹಿಡಿ ಹುಣಸೆ ಬೀಜ, ನೂರು ಪೊರಕೆ ಕಡ್ಡಿ ತಂದರೆ ಒಂದು ತರಗತಿಗೆ ಸಾಕು.

ಮೂರು: ಮನೆಯಲ್ಲಿ ಮಗುವಿಗೆ ನೂರ ಐದು, ಇನ್ನೂರ ಮೂರು, ನಾನೂರ ಎಂಟು ಹೇಳಿ ಬರೆಸಿ ನೋಡಿ. ತಪ್ಪು ಬರೆದರೆ ಬೈಯಬೇಡಿ, ಕಡ್ಡಿ ಕಟ್ಟಿ ತೋರಿಸಿ.

ಮೊದಲು ಪ್ರಶ್ನೆ ಕೇಳಿದ ಆ ತಾಯಿ ಈಗ ತಮ್ಮ ಊರಿನ ಶಾಲೆಯ ಸಮಿತಿಯಲ್ಲಿ ಇದ್ದಾರೆ. ಮೊದಲ ಸಭೆಯಲ್ಲಿ ಒಂದೂ ಮಾತಾಡಲಿಲ್ಲ ಎಂದು ಅವರೇ ನಮಗೆ ಹೇಳಿದರು. ಎರಡನೆಯದರಲ್ಲಿ ಒಂದೇ ಮಾತು ಕೇಳಿದರಂತೆ: "ಬೀರು ತೆಗೀರಿ ಸರ್, ಒಳಗೆ ಏನಿದೆ ನೋಡೋಣ." ಹೆಡ್‌ಮಾಸ್ಟರು ತೆಗೆದರು. ಎರಡು ವರ್ಷದ ಹಿಂದಿನ ಕಥೆಪುಸ್ತಕಗಳು ಕಟ್ಟು ಬಿಚ್ಚದೆ ಇದ್ದವು. ಅದೇ ದಿನ ಸಂಜೆ ಅವನ್ನು ಹಗ್ಗಕ್ಕೆ ಹಾಕಿದರು.

ನಿಮ್ಮ ಊರಿನ ಶಾಲೆಯ ಬೀರುವಿನಲ್ಲಿ ಏನಿದೆ? ನೋಡಿ ಬಂದು ಮುಂದಿನ ತಿಂಗಳು ನಮಗೆ ತಿಳಿಸಿ.